ಕಾಳಿ ಎರಡರ ಸಾ

ಕಳೆದ ತಿಂಗಳು ಗೋಕಾಕದ ಕಡೆಯ ಹುಡುಗನೊಬ್ಬ ತನ್ನ ಬೇಸ್ ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ಬೆಳಗಾವಿಯ ನಮ್ಮ ಮನೆಗೆ ಬಂದಿದ್ದ. ಅಲ್ಲಿನ ರಸಮಂಜರಿ ತಂಡವೊಂದನ್ನು ಸೇರಿ ಅವನಿಗೆ ಆರು ತಿಂಗಳಾಗಿತ್ತು. ಹೊಸ ಬೇಸ್ ಕೊಳ್ಳುವ ಆಸೆಯಿಂದ ಐದಾರು ಕಂಪನಿಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಬಂದು, "ಅಣ್ಣಾ, ಇದರಾಗ ಯಾವುದು ತಗೊಳ್ಳಿ?" ಎಂದು ಕೇಳಿದ. ನಾನು ಚೀಟಿಯನ್ನು ಪಕ್ಕಕ್ಕಿಟ್ಟು, "ನಿಮ್ಮ ತಂಡದಾಗ ಹಾಡೋರು ಯಾವ ಕಾಳಿಗೆ ಹಾಡ್ತಾರ?" ಎಂದೆ. ಅವನು ಸ್ವಲ್ಪ ಯೋಚಿಸಿ, "ಅಕ್ಕಾರು ಕಾಳಿ ನಾಕು. ನಮ್ಮ ಮಾಸ್ತರು ಬಹುತೇಕ ಕಾಳಿ ಎರಡು" ಎಂದ. ಅವನು ಯಾವ ಬೇಸ್ ಕೊಳ್ಳಬೇಕು ಎಂಬುದಕ್ಕೆ ಅರ್ಧ ಉತ್ತರ ಅವನ ಮಾತಿನಲ್ಲೇ ಇತ್ತು.

ನಮ್ಮ ಭಾಗದಲ್ಲಿ ಹಾಡುಗಾರರ ಶ್ರುತಿಯನ್ನು ಹಾರ್ಮೋನಿಯಂನ ಮನೆಗಳಿಂದಲೇ ಹೇಳುವುದು ರೂಢಿ. ಕಪ್ಪು ಮನೆಗಳಿಗೆ ಕಾಳಿ ಎಂದೂ ಬಿಳಿ ಮನೆಗಳಿಗೆ ಸಫೇದ್ ಎಂದೂ ಕರೆಯುತ್ತಾರೆ. ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ ಹೇಳುವುದಾದರೆ ಕಾಳಿ ಒಂದು ಎಂದರೆ ಸಿ ಶಾರ್ಪ್, ಕಾಳಿ ಎರಡು ಎಂದರೆ ಡಿ ಶಾರ್ಪ್, ಸಫೇದ್ ಐದು ಎಂದರೆ ಜಿ. ಸಿನಿಮಾದ ಮೂಲ ಹಾಡು ಯಾವ ಶ್ರುತಿಯಲ್ಲಿದ್ದರೂ ವೇದಿಕೆಯ ಮೇಲೆ ಅದು ಹಾಡುಗಾರನ ಕಾಳಿಗೆ ಇಳಿಯುತ್ತದೆ ಅಥವಾ ಏರುತ್ತದೆ. ಗಂಡಸರಲ್ಲಿ ಕಾಳಿ ಒಂದು, ಎರಡರಲ್ಲಿ ಹಾಡುವವರು ಬಹಳ. ಕೀಬೋರ್ಡಿನವರು ಒಂದು ಗುಂಡಿ ಒತ್ತಿ ಶ್ರುತಿ ಬದಲಿಸಿಕೊಳ್ಳುತ್ತಾರೆ. ಬೇಸ್ ನುಡಿಸುವವನಿಗೆ ಆ ಸೌಕರ್ಯವಿಲ್ಲ, ಅವನ ವಾದ್ಯದ ಕೊನೆಯ ಸ್ವರ ಎಲ್ಲಿ ಮುಗಿಯುತ್ತದೆಯೋ ಅಲ್ಲಿಗೆ ಅವನ ದಾರಿಯೂ ಮುಗಿಯುತ್ತದೆ.

ನಾಲ್ಕು ತಂತಿಯ ಬೇಸಿನಲ್ಲಿ ತೀರ ಕೆಳಗಿನ ತಂತಿ ಇ, ಅದರ ಕಂಪನ ಸೆಕೆಂಡಿಗೆ ಸುಮಾರು 41. ಕಾಳಿ ಎರಡರ ಮಂದ್ರ ಸಾ ಸುಮಾರು 39. ಎರಡರ ನಡುವೆ ಇರುವುದು ಅರ್ಧ ಸ್ವರದ ಅಂತರ ಮಾತ್ರ. ಆದರೆ ಆ ಅರ್ಧ ಸ್ವರ ಎಂಥ ಜಾಗದಲ್ಲಿ ಕೈಕೊಡುತ್ತದೆ ಎಂಬುದನ್ನು ನುಡಿಸಿದವನೇ ಬಲ್ಲ. ಪಲ್ಲವಿ ಮುಗಿಯುವಾಗ ಪಂಚಮದಿಂದ ಸಾ ಕಡೆಗೆ ಮೆಟ್ಟಿಲಿಳಿದಂತೆ ಬರುವುದು ಬೇಸಿನ ಅತ್ಯಂತ ಸಹಜವಾದ ನಡೆ. ತಂತಿಯ ಕೆಳಗೆ ಸ್ವರಕ್ಕೊಂದರಂತೆ ಕೂರಿಸಿದ ಅಡ್ಡಪಟ್ಟಿಗಳಿಗೆ ಫ್ರೆಟ್ ಎನ್ನುತ್ತಾರೆ. ಕಾಳಿ ಎರಡರಲ್ಲಿ ಪ ಎ ತಂತಿಯ ಮೊದಲ ಫ್ರೆಟ್ಟಿನಲ್ಲಿದೆ. ಮ ಇ ತಂತಿಯ ನಾಲ್ಕನೆಯದರಲ್ಲಿ, ಗ ಮೂರನೆಯದರಲ್ಲಿ, ರೇ ಮೊದಲನೆಯದರಲ್ಲಿ. ಪ, ಮ, ಗ, ರೇ ಎಂದು ಬೆರಳು ಒಂದೊಂದೇ ಮೆಟ್ಟಿಲು ಇಳಿದು ಬಂದಾಗ ಸಾ ಇರಬೇಕಾದ ಕಡೆ ಮರವಷ್ಟೇ ಇರುತ್ತದೆ. ಆಗ ಒಂದು ಸಪ್ತಕ ಮೇಲಕ್ಕೆ ಹಾರಿ, ಎ ತಂತಿಯ ಆರನೆಯ ಫ್ರೆಟ್ಟಿನಲ್ಲಿ ಸಾ ಹಿಡಿಯಬೇಕಾಗುತ್ತದೆ. ಲೆಕ್ಕಕ್ಕೆ ಅದೂ ಸಾ ಸ್ವರವೇ. ಆದರೆ ಕೇಳುವವರ ಕಿವಿ ಕೆಳಗಿನ ಮನೆಯ ಬಾಗಿಲಲ್ಲಿ ಕಾಯುತ್ತಿರುವಾಗ ನಾವು ಮಾಳಿಗೆಯ ಮೇಲಿಂದ ಓ ಎಂದಂತಾಗುತ್ತದೆ.

ನಾನು ಎಂಟು ವರ್ಷ ನಾಲ್ಕು ತಂತಿಯಲ್ಲೇ ಈ ಹಾರಾಟ ನಡೆಸಿದೆ. ಜಮಖಂಡಿ ಹತ್ತಿರದ ಊರೊಂದರ ಜಾತ್ರೆಯಲ್ಲಿ ನಮ್ಮ ಹಿರಿಯ ಹಾಡುಗಾರರು ನಿಧಾನಗತಿಯ ಭಾವಗೀತೆಯೊಂದನ್ನು ಹಾಡುತ್ತಿದ್ದರು. ಢೋಲಕ್ ನಿಲ್ಲಿಸಿ, ಬೇಸ್ ಮತ್ತು ಕೊಳಲು ಮಾತ್ರ ಉಳಿಯುವಂತೆ ಕೊನೆಯ ಸಾಲನ್ನು ನಾವು ಹೊಂದಿಸಿಕೊಂಡಿದ್ದೆವು. ನಾನು ರೇ ತನಕ ಇಳಿದು ಮೇಲಕ್ಕೆ ಹಾರಿದೆ. ಹಾಡು ಮುಗಿದ ಮೇಲೆ ಅವರು ಮೈಕನ್ನು ಕೈಯಿಂದ ಮುಚ್ಚಿಕೊಂಡು, "ತಮ್ಮಾ, ಅಲ್ಲಿ ನೆಲ ಸಿಗಲಿಲ್ಲ ನೋಡು" ಎಂದರು. ಸಿಟ್ಟಿನ ಮಾತಲ್ಲ, ಇದ್ದದ್ದನ್ನು ಹೇಳಿದರು. ಐದು ತಂತಿಯ ಬೇಸ್ ಕೊಳ್ಳಲೇಬೇಕೆಂದು ನಾನು ನಿಶ್ಚಯಿಸಿದ್ದು ಆ ರಾತ್ರಿ.

ಇ ತಂತಿಯನ್ನೇ ಸಡಿಲಿಸಿ ಡಿ ಮಾಡಿಕೊಳ್ಳಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಒಂದೆರಡು ಹಾಡಿಗಾದರೆ ಅದು ಆಗುವ ಮಾತು. ಕಾಳಿ ನಾಲ್ಕರ ಹಾಡಿನ ಹಿಂದೆಯೇ ಕಾಳಿ ಎರಡರ ಹಾಡು, ಅದರ ಬೆನ್ನಿಗೆ ಕಾಳಿ ಒಂದರ ಜಾನಪದ ಬರುವ ನಮ್ಮ ಕಾರ್ಯಕ್ರಮಗಳಲ್ಲಿ ನಿರೂಪಕರು ಎರಡು ಮಾತು ಆಡುವಷ್ಟರಲ್ಲಿ ತಂತಿ ತಿರುವಿ ಶ್ರುತಿ ಕೂಡಿಸುವುದು ನೆಚ್ಚಿಕೊಳ್ಳುವ ಕೆಲಸವಲ್ಲ. ಸಾಲದ್ದಕ್ಕೆ ಕಾಳಿ ಒಂದರ ಸಾ ಅಲ್ಲಿಗೂ ಎಟುಕುವುದಿಲ್ಲ.

ಐದನೆಯ ತಂತಿ ಬಿ, ಕಂಪನ ಸುಮಾರು 31. ಕಾಳಿ ಒಂದರ ಸಾ ಅದರ ಎರಡನೆಯ ಫ್ರೆಟ್ಟಿನಲ್ಲಿ, ಕಾಳಿ ಎರಡರದ್ದು ನಾಲ್ಕನೆಯದರಲ್ಲಿ ಸಿಗುತ್ತದೆ. ಆದರೆ ಐದು ತಂತಿ ಇದ್ದ ಮಾತ್ರಕ್ಕೆ ಐದನೆಯದು ಹಾಡುತ್ತದೆ ಎಂದೇನೂ ಇಲ್ಲ. ಬೇಸುಗಳಲ್ಲಿ ಸಾಮಾನ್ಯವಾಗಿ ತಂತಿಯ ನುಡಿಯುವ ಉದ್ದ 34 ಇಂಚು. ಅಷ್ಟು ಉದ್ದದಲ್ಲಿ ಬಿ ತಂತಿ ಕೆಲವು ವಾದ್ಯಗಳಲ್ಲಿ ಸಡಿಲಾಗಿ ಅಲುಗಾಡುತ್ತದೆ, ಸ್ವರಕ್ಕಿಂತ ಮೊದಲು ಗರಗರ ಸದ್ದೇ ಕಿವಿಗೆ ಬೀಳುತ್ತದೆ. 35 ಇಂಚಿನದು ತಂತಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ, ಆದರೆ ಮೊದಲ ಫ್ರೆಟ್ಟುಗಳಲ್ಲಿ ಎಡಗೈಯನ್ನು ಹೆಚ್ಚು ಚಾಚಬೇಕಾಗುತ್ತದೆ. ಪುಣೆಯ ಅಂಗಡಿಯೊಂದರಲ್ಲಿ ನಾನು ಒಂದು ಮಧ್ಯಾಹ್ನವಿಡೀ ಕುಳಿತು ಏಳು ಬೇಸುಗಳ ಬಿ ತಂತಿಯ ನಾಲ್ಕನೆಯ ಫ್ರೆಟ್ಟನ್ನಷ್ಟೇ ಒತ್ತಿ ಒತ್ತಿ ಕೇಳಿದೆ. ನೋಡಲು ಸಾಧಾರಣವಾಗಿದ್ದ, ಪಕ್ಕದಲ್ಲಿದ್ದ ಒಂದರ ಅರ್ಧದಷ್ಟು ಬೆಲೆಯ 34 ಇಂಚಿನ ವಾದ್ಯದಲ್ಲಿ ಆ ಸ್ವರ ದುಂಡಗೆ ಮೂಡಿ, ನಿಧಾನವಾಗಿ ಕರಗಿತು. ಅದನ್ನೇ ತಂದೆ. ಈಗಲೂ ನನ್ನ ಕೈಯಲ್ಲಿ ಅದೇ ಇದೆ, ಬಿ ತಂತಿಗೆ 0.130 ಇಂಚು ದಪ್ಪದ್ದನ್ನೇ ಹಾಕುತ್ತೇನೆ.

ವಾದ್ಯ ಆರಿಸುವಾಗ ನಾನು ನೋಡುವ ಎರಡನೆಯ ಸಂಗತಿ ಗುಂಯ್ ಎನ್ನುವ ಸದ್ದು. ಜಾತ್ರೆಯ ಪೆಂಡಾಲಿನಲ್ಲಿ ಜನರೇಟರ್, ಲೈಟಿನ ಡಿಮ್ಮರ್, ಉದ್ದುದ್ದ ವೈರುಗಳು ಎಲ್ಲವೂ ಒಂದೇ ಕಡೆ ಸೇರಿರುತ್ತವೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಅಲೆಯುತ್ತದೆ, ಸಫೇದ್ ಐದರ ಮಂದ್ರ ಸ್ವರ 49. ಹೀಗಾಗಿ ಸ್ಪೀಕರಿನಲ್ಲಿ ಕರೆಂಟಿನ ಸದ್ದು ಹೊಕ್ಕಿರುವಾಗ ನಾನು ಇ ತಂತಿಯ ಮೂರನೆಯ ಫ್ರೆಟ್ಟನ್ನು ನುಡಿಸಿದರೆ ಎರಡೂ ಒಂದಕ್ಕೊಂದು ತಾಗಿ, ಸೆಕೆಂಡಿಗೆ ಒಂದು ಸಲದಂತೆ ಸ್ವರ ಉಬ್ಬಿ ಇಳಿಯತೊಡಗುತ್ತದೆ. ಶ್ರುತಿ ಸರಿಯಿದ್ದರೂ ತಪ್ಪಿದಂತೆ ಕೇಳಿಸುತ್ತದೆ. ಟ್ಯೂನರ್ ಹಸಿರು ದೀಪ ತೋರಿಸುತ್ತಿರುವಾಗ ಪಕ್ಕದ ಹಾರ್ಮೋನಿಯಂನವರು ನನ್ನ ಕಡೆ ತಿರುಗಿ ನೋಡಿದ ರಾತ್ರಿಗಳನ್ನು ನಾನು ಮರೆತಿಲ್ಲ.

ಇದಕ್ಕೆ ಪರಿಹಾರ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ಪಿನಿಂದಲೇ ಶುರುವಾಗಬೇಕು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸಿಗೆ 1957ರಲ್ಲಿ ಎರಡು ತುಂಡಿನ ಪಿಕಪ್ ಬಂತು. ಒಂದು ತುಂಡು ಹಿಡಿದ ಕರೆಂಟಿನ ಸದ್ದನ್ನು ಇನ್ನೊಂದು ತುಂಡು ಹೊಡೆದುಹಾಕುವಂತೆ ಅದರ ಸುರುಳಿಗಳನ್ನು ಸುತ್ತಲಾಗಿದೆ. 1960ರಲ್ಲಿ ಬಂದ ಜಾಝ್ ಬೇಸಿನ ಮಾದರಿಯಲ್ಲಿ ಎರಡು ಬೇರೆ ಬೇರೆ ಪಿಕಪ್ಪುಗಳಿರುತ್ತವೆ. ಎರಡರ ವಾಲ್ಯೂಮೂ ಸಮನಾಗಿದ್ದರೆ ಸದ್ದು ಅಡಗುತ್ತದೆ, ಒಂದನ್ನು ಇಳಿಸಿದ ಕೂಡಲೇ ಮತ್ತೆ ಎದ್ದು ಬರುತ್ತದೆ. ಜಾಝ್ ಮಾದರಿಯ ನಾದ ನನಗೆ ಬಹಳ ಇಷ್ಟ. ಆದರೂ ನಮ್ಮ ವೇದಿಕೆಗಳಿಗೆ ಸದ್ದು ತಾನಾಗಿಯೇ ಅಡಗುವ ಪಿಕಪ್ ಬೇಕೆಂದು ನಾನು ಖಚಿತವಾಗಿ ಹೇಳುತ್ತೇನೆ.

ಆಮೇಲಿನದು ಡಿಐ ಬಾಕ್ಸ್, ಬೇಸಿಗೂ ಮಿಕ್ಸರಿಗೂ ನಡುವೆ ಇಡುವ ಸಣ್ಣ ಪೆಟ್ಟಿಗೆ. ಸೌಂಡಿನವರ ಮಿಕ್ಸರ್ ವೇದಿಕೆಯಿಂದ ನೂರು ಅಡಿ ದೂರ ಇರುತ್ತದೆ. ಗಿಟಾರಿನ ಸಾದಾ ವೈರನ್ನು ಅಲ್ಲಿಯವರೆಗೆ ಎಳೆದರೆ ದಾರಿಯುದ್ದಕ್ಕೂ ಅದು ಸದ್ದನ್ನು ಕೂಡಿಸಿಕೊಂಡು, ನಾದದ ಮೇಲುಭಾಗವನ್ನು ಕಳೆದುಕೊಂಡು ಹೋಗುತ್ತದೆ. ಡಿಐ ಬಾಕ್ಸ್ ಅದೇ ನಾದವನ್ನು ಎರಡು ಎಳೆಗಳಲ್ಲಿ ಒಂದಕ್ಕೊಂದು ತಿರುವುಮುರುವಾಗಿ ಕಳಿಸುತ್ತದೆ. ದಾರಿಯಲ್ಲಿ ಎರಡಕ್ಕೂ ಸಮನಾಗಿ ಅಂಟಿದ ಸದ್ದು ಮಿಕ್ಸರಿನಲ್ಲಿ ಕಳೆದುಹೋಗುತ್ತದೆ. ವೇದಿಕೆಗೆ ಒಂದು ಅರ್ಥಿಂಗ್, ಮಿಕ್ಸರಿಗೆ ಇನ್ನೊಂದು ಅರ್ಥಿಂಗ್ ಇದ್ದಾಗ ಹುಟ್ಟುವ ಗುಂಯ್ ಸದ್ದಿಗೆ ಅದರ ಮೇಲೆಯೇ ಗ್ರೌಂಡ್ ಲಿಫ್ಟ್ ಎಂಬ ಸಣ್ಣ ಸ್ವಿಚ್ ಇರುತ್ತದೆ. ಸೌಂಡಿನವರ ಬಳಿ ಡಿಐ ಇದ್ದರೂ ನಾನು ನನ್ನದನ್ನೇ ಒಯ್ಯುತ್ತೇನೆ. ಸದ್ದು ನಿಲ್ಲಲಿ ಎಂದು ಆಂಪ್ಲಿಫೈಯರಿನ ಪ್ಲಗ್ಗಿನ ಅರ್ಥ್ ಪಿನ್ನನ್ನು ಮುರಿದುಹಾಕುವವರನ್ನು ನಾನು ಎರಡು ಕಡೆ ನೋಡಿದ್ದೇನೆ, ಎರಡೂ ಕಡೆ ಅದರ ಮೇಲೆ ನುಡಿಸಲು ಒಪ್ಪಲಿಲ್ಲ. ಬೇಸಿನ ತಂತಿಗಳು ವೈರಿನ ಮೂಲಕ ಆ ಅರ್ಥಿಂಗಿಗೇ ಸೇರಿರುತ್ತವೆ. ಕೈ ತಂತಿಯ ಮೇಲಿರುವಾಗ ತುಟಿ ಮೈಕಿಗೆ ತಾಗಿದರೆ ಜೀವಕ್ಕೇ ಅಪಾಯವಿದೆ.

ಬ್ಯಾಟರಿಯ ವಿಷಯ ಚಿಕ್ಕದು, ಆದರೆ ಪೆಟ್ಟು ದೊಡ್ಡದು. ನನ್ನ ಬೇಸಿನೊಳಗೆ 9 ವೋಲ್ಟಿನ ಬ್ಯಾಟರಿಯಿಂದ ನಡೆಯುವ, ಪಿಕಪ್ಪಿನ ನಾದಕ್ಕೆ ಬಲ ಕೊಡುವ ಪ್ರಿಆಂಪ್ ಇದೆ. ಇಂಥ ವಾದ್ಯಗಳಲ್ಲಿ ವೈರ್ ಚುಚ್ಚಿದ ಕ್ಷಣದಿಂದ, ನುಡಿಸಲಿ ಬಿಡಲಿ, ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಮುಧೋಳದ ಮದುವೆಯೊಂದರಲ್ಲಿ ಮೂರನೆಯ ಹಾಡಿಗೆ ನಾದ ಒಡೆದು, ಚರಣ ಬರುವಷ್ಟರಲ್ಲಿ ಪೂರ್ತಿ ನಿಂತುಹೋಯಿತು. ಹಿಂದಿನ ದಿನದ ತಾಲೀಮಿನ ಮೇಲೆ ನಾನು ವೈರ್ ತೆಗೆದಿರಲಿಲ್ಲ. ಬ್ಯಾಟರಿ ಇಲ್ಲದೆಯೂ ನುಡಿಯುವಂತೆ ಒಂದು ಸ್ವಿಚ್ಚನ್ನು ಆಮೇಲೆ ಹಾಕಿಸಿದೆ. ಕೊಳ್ಳುವಾಗಲೇ ಆ ಸ್ವಿಚ್ ಇರುವುದನ್ನು ಆರಿಸಿದರೆ ಇನ್ನೂ ಒಳ್ಳೆಯದು.

ದೊಡ್ಡ ಸ್ಪೀಕರ್ ಪೆಟ್ಟಿಗೆಯನ್ನು ನಾನು ಮಾರಿಬಿಟ್ಟೆ. ಕ್ರೂಸರ್ ಗಾಡಿಯಲ್ಲಿ ಒಂಬತ್ತು ಜನ, ಎರಡು ಕೀಬೋರ್ಡ್, ಆಕ್ಟೋಪ್ಯಾಡ್, ಢೋಲಕ್, ತಬಲಾ ತುಂಬಿದ ಮೇಲೆ ಆ ಪೆಟ್ಟಿಗೆಗೆ ಉಳಿಯುತ್ತಿದ್ದ ಜಾಗ ಯಾರದಾದರೂ ತೊಡೆಯ ಮೇಲೆ ಮಾತ್ರ. ಜಾತ್ರೆಗಳಲ್ಲಿ ಸೌಂಡಿನವರ ಸ್ಪೀಕರುಗಳೇ ಸಾಕಷ್ಟಿರುತ್ತವೆ. ಕಲ್ಯಾಣ ಮಂಟಪಗಳಲ್ಲಿ ಗ್ರಾನೈಟ್ ನೆಲ, ತಗಡಿನ ಚಾವಣಿ, ಬರಿಯ ಗೋಡೆ. ಇ ಸ್ವರದ ಒಂದು ಅಲೆಯ ಉದ್ದವೇ 8 ಮೀಟರಿಗಿಂತ ಹೆಚ್ಚು; ಅಂಥ ಜಾಗದಲ್ಲಿ ಅದು ಗೋಡೆಗೆ ಹೊಡೆದು ಹಿಂದಿರುಗಿ ಒಂದು ಸ್ವರವನ್ನು ನುಂಗುತ್ತದೆ, ಇನ್ನೊಂದನ್ನು ದುಪ್ಪಟ್ಟು ಮಾಡುತ್ತದೆ. ವೇದಿಕೆಯಲ್ಲಿ ನನ್ನದೂ ಒಂದು ಪೆಟ್ಟಿಗೆ ಗುಡುಗಿದರೆ ತಬಲಾದ ಡಗ್ಗಾ, ಅಂದರೆ ಎಡಗೈಯ ದೊಡ್ಡ ವಾದ್ಯ, ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ನಮ್ಮ ಜನರ ಕಿವಿ ಡಗ್ಗಾದ ಗಮಕದ ಮೇಲೆ ಬೆಳೆದದ್ದು, ಅದಕ್ಕೆ ಜಾಗ ಬಿಟ್ಟು ನುಡಿಸುವುದನ್ನು ನಾನು ಬೇಸಿನವನ ಮರ್ಯಾದೆ ಎಂದು ತಿಳಿದಿದ್ದೇನೆ. ಈಗ ಸಣ್ಣ ಹೆಡ್‌ಫೋನ್ ಆಂಪ್ಲಿಫೈಯರಿನಿಂದ ಕಿವಿಯಲ್ಲೇ ಕೇಳಿಕೊಳ್ಳುತ್ತೇನೆ, ಅದೂ ಸದ್ದು ಕಮ್ಮಿ ಇಟ್ಟು. 100 ಡೆಸಿಬೆಲ್ ಸದ್ದಿನಲ್ಲಿ ಕಿವಿ ಸುರಕ್ಷಿತವಾಗಿರುವುದು ದಿನಕ್ಕೆ 15 ನಿಮಿಷ ಎಂಬ ಲೆಕ್ಕವಿದೆ, ನಮ್ಮ ಕಾರ್ಯಕ್ರಮಗಳು ನಡೆಯುವುದು ಮೂರು ನಾಲ್ಕು ತಾಸು.

ಇಷ್ಟೆಲ್ಲ ಏಕೆ, ಕೀಬೋರ್ಡಿನ ಎಡಗೈಯಲ್ಲಿ ಬೇಸ್ ಬರುತ್ತದಲ್ಲ ಎಂದು ಕಾರ್ಯಕ್ರಮ ಇಟ್ಟುಕೊಂಡವರು ಪ್ರತಿ ವರ್ಷ ಕೇಳುತ್ತಾರೆ, ಒಬ್ಬರ ಪೇಮೆಂಟು ಉಳಿಯುತ್ತದೆ ಎಂಬ ಲೆಕ್ಕ ಅವರದು. ಎಡಗೈ ಸ್ವರವನ್ನು ಒತ್ತುತ್ತದೆ, ಬಿಡುತ್ತದೆ. ಢೋಲಕಿನವರು ಉತ್ಸಾಹದಲ್ಲಿ ಕೂದಲೆಳೆಯಷ್ಟು ಮುಂದೆ ಹೋದಾಗ ತಂತಿಯ ಮೇಲಿನ ಬೆರಳು ಅವರ ಜೊತೆ ಹೋಗುತ್ತದೆ, ಹಾಡುಗಾರ ಉಸಿರು ತೆಗೆದುಕೊಂಡಾಗ ಸ್ವರವನ್ನು ಅಂಗೈಯಿಂದ ಮುಚ್ಚಿ ಕಾಯುತ್ತದೆ. ಇದನ್ನು ನಾನು ವಾದ ಮಾಡಿ ಒಪ್ಪಿಸಿದ್ದಿಲ್ಲ. ಎರಡು ಹಾಡು ಬೇಸ್ ಇಲ್ಲದೆ, ಎರಡು ಹಾಡು ಬೇಸಿನೊಂದಿಗೆ ತಾಲೀಮಿನಲ್ಲಿ ಕೇಳಿಸಿದ್ದೇನೆ.

ಬೆಳಗಾವಿಯ ಮಳೆಗಾಲವೂ ನಮ್ಮ ಕೆಲಸದ ಒಂದು ಭಾಗವೇ. ಆಷಾಢ ಶ್ರಾವಣದಲ್ಲಿ ಇಲ್ಲಿ ಗೋಡೆಯೇ ಬೆವರುತ್ತದೆ, ಮರ ನೀರಿನಂಶವನ್ನು ಹೀರುತ್ತದೆ. ಅದೇ ವಾದ್ಯವನ್ನು ಸುಮಾರು 200 ಕಿಲೋಮೀಟರ್ ದೂರದ ವಿಜಯಪುರಕ್ಕೆ ಒಯ್ದು ಒಣಹವೆಯಲ್ಲಿ ಎರಡು ದಿನ ಇಟ್ಟರೆ ಫ್ರೆಟ್ಟುಗಳಿರುವ ಉದ್ದನೆಯ ಹಿಡಿಯ, ಅಂದರೆ ನೆಕ್ಕಿನ, ಬಾಗು ಬದಲಾಗಿ, ತಂತಿ ಫ್ರೆಟ್ಟಿಗೆ ತಾಗತೊಡಗುತ್ತದೆ. ನೆಕ್ಕಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿದೆ, ಅದನ್ನು ಅಲೆನ್ ಕೀಯಿಂದ ಕಾಲು ಸುತ್ತು ತಿರುವಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಅದಕ್ಕಿಂತ ಹೆಚ್ಚು ಒಂದೇ ಸಲಕ್ಕೆ ತಿರುವಬಾರದು. ಆ ಕೀ ನನ್ನ ಚೀಲದ ಮುಂದಿನ ಜೇಬಿನಲ್ಲಿ, ಹೊಸ ಬ್ಯಾಟರಿಯ ಪಕ್ಕದಲ್ಲಿ ಇರುತ್ತದೆ.

ಗೋಕಾಕದ ಹುಡುಗನಿಗೆ ಐದು ತಂತಿಯದನ್ನು ಕೊಳ್ಳುವಷ್ಟು ಹಣ ಈಗ ಕೂಡಿರಲಿಲ್ಲ. ಅವನ ಬೇಸನ್ನು ತಿರುಗಿಸಿ ನೋಡಿದೆ. ಎರಡು ತುಂಡಿನ ಪಿಕಪ್, ನೇರವಾದ ನೆಕ್, ಒಳ್ಳೆಯ ಮರ. ಮಾರುವ ವಾದ್ಯವೇ ಅಲ್ಲ. ಐದು ತಂತಿಯ ಸೆಟ್ಟೊಂದನ್ನು ತರಿಸಿ, ಅದರ ಬಿ, ಇ, ಎ, ಡಿ ತಂತಿಗಳನ್ನು ಅವನ ನಾಲ್ಕು ಜಾಗಗಳಿಗೆ ಹಾಕಿದೆವು. ಮೇಲಿನ ಜಿ ತಂತಿ ಹೋಯಿತು, ಆದರೆ ಅವನ ತಂಡದಲ್ಲಿ ಆ ಎತ್ತರದ ಕೆಲಸ ಕೀಬೋರ್ಡಿನದೇ ಆಗಿತ್ತು. ದಪ್ಪ ತಂತಿ ಕೂರಲು, ನೆಕ್ಕಿನ ತುದಿಯಲ್ಲಿ ತಂತಿಗಳನ್ನು ಹಿಡಿದಿಡುವ ನಟ್ಟಿನ ಗೆರೆಗಳನ್ನು ಸಣ್ಣ ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ, ಪ್ರತಿ ಸಲ ತಂತಿಯನ್ನು ಇಟ್ಟು ನೋಡುತ್ತ ಎರಡು ತಾಸು ಕಳೆದೆವು. ಕೊನೆಗೆ ಅವನು ಗೋಡೆಗೊರಗಿ ಕುಳಿತು ಪ, ಮ, ಗ, ರೇ ಎಂದು ಇಳಿದು ಬಂದು, ಬಿ ತಂತಿಯ ನಾಲ್ಕನೆಯ ಫ್ರೆಟ್ಟಿನ ಮೇಲೆ ಬೆರಳಿಟ್ಟ. ಕಿಟಕಿಯ ಗಾಜು ಸಣ್ಣಗೆ ನಡುಗಿತು. "ಮತ್ತೊಮ್ಮೆ ನುಡಿಸ್ಲೇನ್ರಿ ಅಣ್ಣಾ?" ಎಂದು ಕೇಳಿ, ನಾನು ಹೂಂ ಎನ್ನುವ ಮೊದಲೇ ಮತ್ತೆ ಪಂಚಮದಿಂದ ಶುರು ಮಾಡಿದ.