ಪುಸ್ತಕದ ಕೆಲಸಗಳಿಗೆ ಒಂದು ಮಾದರಿ ಕೋಷ್ಟಕ

ಬೆಂಗಳೂರಿನ ಒಂದು ಸಣ್ಣ ಪ್ರಕಾಶನ ಸಂಸ್ಥೆಯಲ್ಲಿ ಪುಸ್ತಕಗಳ ಕೆಲಸವೆಲ್ಲ ಕೋಡಾ ಎಂಬ ಆನ್‌ಲೈನ್ ದಾಖಲೆಯಲ್ಲಿ ನಡೆಯುತ್ತದೆ. ಸಂಪಾದಕರು, ಡಿಟಿಪಿ ಮಾಡುವವರು, ಕರಡು ತಿದ್ದುವ ಮೇಷ್ಟ್ರು, ಮುಖಪುಟದ ಕಲಾವಿದರು ತಾವಿದ್ದಲ್ಲಿಂದಲೇ ಅದನ್ನು ತೆರೆದು ತಮ್ಮ ಪಾಲಿನ ಸಾಲುಗಳನ್ನು ತುಂಬುತ್ತಾರೆ. ಒಂದು ಕೋಷ್ಟಕದಲ್ಲಿ ಪುಸ್ತಕಗಳಿವೆ, ಇನ್ನೊಂದರಲ್ಲಿ ಆ ಪುಸ್ತಕಗಳ ಕೆಲಸಗಳಿವೆ. ಹೊಸ ಹಸ್ತಪ್ರತಿಯನ್ನು ಒಪ್ಪಿಕೊಂಡಾಗಲೆಲ್ಲ ಹಿಂದಿನ ಪುಸ್ತಕದ ಸಾಲುಗಳನ್ನು ನಕಲು ಮಾಡಿ ಹೆಸರು ಬದಲಿಸುವುದು ಅಲ್ಲಿನ ರೂಢಿಯಾಗಿತ್ತು. ನಕಲಾದ ಸಾಲುಗಳೊಂದಿಗೆ ಹಳೆಯ ದಿನಾಂಕಗಳೂ ‘ಮುಗಿದಿದೆ’ ಎಂಬ ಗುರುತುಗಳೂ ಬರುತ್ತಿದ್ದವು. ಒಮ್ಮೆ ಹಿಂದಿನ ಪುಸ್ತಕದ ಐಎಸ್‌ಬಿಎನ್, ಅಂದರೆ ಆ ಪುಸ್ತಕಕ್ಕೆ ಮಾತ್ರ ಸಲ್ಲುವ ಗುರುತಿನ ಸಂಖ್ಯೆಯೇ ಹೊಸ ಪುಸ್ತಕದ ಎರಡನೆಯ ಕರಡಿನವರೆಗೂ ಬಂದು, ಮೇಷ್ಟ್ರ ಕಣ್ಣಿಗೆ ಬಿದ್ದದ್ದರಿಂದ ಅಚ್ಚಾಗದೆ ಉಳಿಯಿತು. ಇದಾದ ಮೇಲೆ, ಕೆಲಸದ ಸಾಲುಗಳಿಗೆ ಒಂದು ಸರಿಯಾದ ಮಾದರಿಯನ್ನು ಮಾಡಿಕೊಡಬೇಕೆಂದು ಸಂಪಾದಕರು ನನ್ನನ್ನು ಕೇಳಿದರು. ಒಂದು ಶನಿವಾರ ಅವರ ಕಚೇರಿಯಲ್ಲೇ ಕುಳಿತು ಅದನ್ನು ಮಾಡಿದೆವು.

ಕೋಡಾದಲ್ಲಿ ಪುಸ್ತಕದ ಸಾಲಿನಲ್ಲೇ ಒಂದು ಬಟನ್ ಇಟ್ಟು, ಅದನ್ನು ಒತ್ತಿದಾಗ ಕೆಲಸಗಳ ಕೋಷ್ಟಕಕ್ಕೆ ಹೊಸ ಸಾಲುಗಳು ಸೇರುವಂತೆ ಸೂತ್ರ ಬರೆಯಬಹುದು. ‘ಆಡ್‌ರೋ’ ಎಂಬ ಸೂತ್ರಕ್ಕೆ ಯಾವ ಕೋಷ್ಟಕ, ಯಾವ ಅಂಕಣ, ಯಾವ ಮೌಲ್ಯ ಎಂದು ಹೇಳಿದರೆ ಸಾಲು ಸಿದ್ಧ. ಹತ್ತು ಕೆಲಸಗಳಿದ್ದರೆ ಹತ್ತು ಆಡ್‌ರೋಗಳನ್ನು ಒಂದರ ಕೆಳಗೊಂದು ಬರೆದುಬಿಡುವುದು ಎಲ್ಲಕ್ಕಿಂತ ಸುಲಭದ ದಾರಿ, ಮತ್ತು ಹೆಚ್ಚಿನವರು ಹಾಗೆಯೇ ಮಾಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹಾಗೆ ಮಾಡಿದರೆ ಪುಸ್ತಕ ಹೇಗೆ ತಯಾರಾಗಬೇಕೆಂಬ ಸಂಸ್ಥೆಯ ತಿಳಿವಳಿಕೆಯೆಲ್ಲ ಬಟನ್ನಿನೊಳಗಿನ ಸೂತ್ರದಲ್ಲಿ ಹುದುಗಿಹೋಗುತ್ತದೆ. ಸೂತ್ರ ಬಲ್ಲವರು ಮಾತ್ರ ಅದನ್ನು ತಿದ್ದಬಲ್ಲರು, ಪುಸ್ತಕದ ಕೆಲಸ ಬಲ್ಲವರು ಹೊರಗೇ ಉಳಿಯುತ್ತಾರೆ.

ಆದ್ದರಿಂದ ‘ಮಾದರಿ ಕೆಲಸಗಳು’ ಎಂಬ ಮೂರನೆಯ ಕೋಷ್ಟಕವನ್ನು ಮಾಡಿದೆವು. ಅದರಲ್ಲಿ ಕೆಲಸದ ಹೆಸರು, ಯಾರ ಹೊಣೆ, ಯಾವ ಬಗೆಯ ಪುಸ್ತಕಕ್ಕೆ ಅನ್ವಯ, ಬಿಡುಗಡೆಯ ದಿನಕ್ಕೆ ಎಷ್ಟು ದಿನ ಹಿಂದೆ ಅಥವಾ ಮುಂದೆ ಎಂಬ ನಾಲ್ಕು ಅಂಕಣಗಳಷ್ಟೇ ಇವೆ. ಬಟನ್ನಿನ ಸೂತ್ರ ಈಗ ಚಿಕ್ಕದು: ಮಾದರಿ ಕೋಷ್ಟಕದಿಂದ ಈ ಪುಸ್ತಕದ ಬಗೆಗೆ ಹೊಂದುವ ಸಾಲುಗಳನ್ನು ಸೋಸಿ, ‘ಫಾರ್‌ಈಚ್’ ಮೂಲಕ ಒಂದೊಂದಕ್ಕೂ ಒಂದು ಆಡ್‌ರೋ ನಡೆಸುತ್ತದೆ, ಬಿಡುಗಡೆಯ ದಿನಕ್ಕೆ ಆ ಸಂಖ್ಯೆಯನ್ನು ಕೂಡಿಸಿ ಗಡುವನ್ನು ತುಂಬುತ್ತದೆ. ಮೊದಲ ಕರಡಿಗೆ ಮೈನಸ್ 60 ಎಂದು ಬರೆದರೆ ಬಿಡುಗಡೆಗೆ ಅರವತ್ತು ದಿನ ಮೊದಲಿನ ದಿನಾಂಕ ತಾನಾಗಿ ಬರುತ್ತದೆ. ಪುಸ್ತಕದ ಅಂಕಣಕ್ಕೆ ಶೀರ್ಷಿಕೆಯ ಪಠ್ಯವನ್ನು ಕೊಡದೆ ಆ ಸಾಲನ್ನೇ ಕೊಟ್ಟೆವು. ‘ಆಯ್ದ ಕವಿತೆಗಳು’ ಎಂಬ ಹೆಸರಿನ ಪುಸ್ತಕಗಳು ಇಬ್ಬರು ಕವಿಗಳಿಂದ ಬಂದಾಗ ಕೆಲಸಗಳು ಅದಲುಬದಲಾಗಬಾರದಲ್ಲ. ಒಂದು ಪುಸ್ತಕಕ್ಕೆ ಕೆಲಸಗಳು ಈಗಾಗಲೇ ಇದ್ದರೆ ಬಟನ್ ಒತ್ತಲು ಬಾರದಂತೆಯೂ ಷರತ್ತು ಹಾಕಿದೆವು, ಏಕೆಂದರೆ ಹಲವರು ಬಳಸುವ ದಾಖಲೆಯಲ್ಲಿ ಇಬ್ಬರು ಒಂದೇ ಬಟನ್ ಒತ್ತುವುದು ಖಂಡಿತ.

ಅನ್ವಯದ ಅಂಕಣವನ್ನು ತುಂಬುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. 1954ರ ಪುಸ್ತಕಗಳ ಸಲ್ಲಿಕೆ ಕಾಯಿದೆಯ ಪ್ರಕಾರ, ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿಯನ್ನೂ, ಚೆನ್ನೈನ ಕನ್ನೆಮರಾ, ಮುಂಬಯಿಯ ಸೆಂಟ್ರಲ್ ಲೈಬ್ರರಿ ಮತ್ತು ದೆಹಲಿ ಸಾರ್ವಜನಿಕ ಗ್ರಂಥಾಲಯಗಳಿಗೆ ಒಂದೊಂದು ಪ್ರತಿಯನ್ನೂ ಪ್ರಕಾಶಕರು ತಮ್ಮ ಖರ್ಚಿನಲ್ಲಿ ಕಳುಹಿಸಬೇಕು. ಬಿಡುಗಡೆಯ ಸಂಭ್ರಮ ಮುಗಿದ ಮೇಲೆ ಎಲ್ಲರೂ ಮರೆಯುವ ಕೆಲಸ ಇದೇ. ಅದನ್ನು ಒಂದೇ ಸಾಲಾಗಿ ಬರೆಯದೆ, ಗ್ರಂಥಾಲಯಕ್ಕೊಂದರಂತೆ ನಾಲ್ಕು ಸಾಲುಗಳನ್ನು ಮಾಡಿ, ಪ್ರತಿಯೊಂದಕ್ಕೂ ಪ್ಲಸ್ 30 ಎಂದು ಕೊಟ್ಟೆವು. ಬದಲಾವಣೆಯಿಲ್ಲದ ಮರುಮುದ್ರಣಕ್ಕೆ ಈ ಸಾಲುಗಳು ಬೇಡ: ಮೊದಲ ಆವೃತ್ತಿಯ ಪ್ರತಿಗಳನ್ನು ಕೊಟ್ಟಿದ್ದರೆ ಕಾಯಿದೆ ಮತ್ತೆ ಕೇಳುವುದಿಲ್ಲ, ಹೊಸ ಐಎಸ್‌ಬಿಎನ್ ಕೂಡ ಬೇಕಾಗುವುದಿಲ್ಲ. ಪರಿಷ್ಕೃತ ಆವೃತ್ತಿಯಾದರೆ ಎರಡೂ ಬೇಕು. ಇಷ್ಟು ವಿವೇಚನೆಯನ್ನು ಪ್ರತಿ ಸಲ ಯಾರೋ ಒಬ್ಬರ ನೆನಪಿಗೆ ಬಿಡುವುದಕ್ಕಿಂತ, ಮಾದರಿ ಕೋಷ್ಟಕದಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿಡುವುದು ಎಷ್ಟೋ ಮೇಲು.

ಯಾವುದನ್ನು ನಕಲು ಮಾಡಬೇಕು, ಯಾವುದಕ್ಕೆ ಕೊಂಡಿ ಮಾತ್ರ ಕೊಡಬೇಕು ಎಂಬ ಚರ್ಚೆಯೂ ನಡೆಯಿತು. ಗಡುವು ಮತ್ತು ಹೊಣೆಗಾರರು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುವುದರಿಂದ ಅವನ್ನು ನಕಲಾಗಿಯೇ ಬಿಟ್ಟೆವು. ನಾಳೆ ಮಾದರಿಯನ್ನು ತಿದ್ದಿದರೂ ನಡೆಯುತ್ತಿರುವ ಪುಸ್ತಕದ ಗಡುವುಗಳು ಅಲುಗಾಡಬಾರದು. ಗ್ರಂಥಾಲಯದ ವಿಳಾಸ ಹಾಗಲ್ಲ, ಬದಲಾದರೆ ಎಲ್ಲೆಡೆ ಬದಲಾಗಬೇಕು. ಅದನ್ನು ಬೇರೆ ಕೋಷ್ಟಕದಲ್ಲಿಟ್ಟು ಕೊಂಡಿ ಕೊಟ್ಟೆವು. ಫಾರಂಗಳ (ಒಟ್ಟಿಗೆ ಅಚ್ಚಾಗುವ ಹದಿನಾರು ಪುಟಗಳ ಕಂತುಗಳ) ಸಂಖ್ಯೆ ಪುಟಗಳನ್ನು 16ರಿಂದ ಭಾಗಿಸಿ ಬರುವ ಲೆಕ್ಕವಾದ್ದರಿಂದ ಅದು ಪುಸ್ತಕಗಳ ಕೋಷ್ಟಕದಲ್ಲಿ ಸೂತ್ರದ ಅಂಕಣವಾಗಿ ಉಳಿಯಿತು.

ಮಧ್ಯಾಹ್ನ ಕರಡಿನ ಕಟ್ಟು ಕೊಡಲು ಬಂದ ಮೇಷ್ಟ್ರು ನಮ್ಮ ಹಿಂದೆ ನಿಂತು ಪರದೆಯನ್ನು ಸ್ವಲ್ಪ ಹೊತ್ತು ಓದಿದರು. “ಅನುವಾದದ ಪುಸ್ತಕಕ್ಕೆ ಮೂಲ ಲೇಖಕರ ಒಪ್ಪಿಗೆ ಪತ್ರ ಎಲ್ಲಿದೆಯಮ್ಮ? ಅದು ಕೈಗೆ ಬಾರದೆ ಡಿಟಿಪಿಗೆ ಕೊಡಬಾರದು” ಎಂದರು. ನಾನು ಕುರ್ಚಿ ಬಿಟ್ಟುಕೊಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅಕ್ಷರ ಒತ್ತುತ್ತ ‘ಮೂಲ ಲೇಖಕರ / ಹಕ್ಕುದಾರರ ಲಿಖಿತ ಒಪ್ಪಿಗೆ’ ಎಂದು ಬರೆದು, ಅನ್ವಯದ ಅಂಕಣದಲ್ಲಿ ‘ಅನುವಾದ’ವನ್ನು ಆರಿಸಿ, ದಿನಗಳ ಅಂಕಣದಲ್ಲಿ ಮೈನಸ್ 150 ಎಂದು ತುಂಬಿದರು. ‘ಹಕ್ಕುದಾರರ’ ಎಂಬುದನ್ನು ಅವರು ಸೇರಿಸಿದ್ದು ಮೂಲ ಲೇಖಕರು ತೀರಿಕೊಂಡಿರುವ ಪುಸ್ತಕಗಳಿಗಾಗಿ. ನನಗಾಗಲಿ ಸಂಪಾದಕರಿಗಾಗಲಿ ಅದು ಹೊಳೆದಿರಲಿಲ್ಲ. ಸೂತ್ರವನ್ನು ಯಾರೂ ಮುಟ್ಟಬೇಕಾಗಲಿಲ್ಲ. ಪರೀಕ್ಷೆಗೆಂದು ಒಂದು ಅನುವಾದದ ಪುಸ್ತಕವನ್ನು ಸೇರಿಸಿ ಬಟನ್ ಒತ್ತಿದಾಗ ಅವರ ಸಾಲು ಎಲ್ಲಕ್ಕಿಂತ ಮೇಲೆ ಬಂತು.

ಆಗಲೇ ಕೆಲಸ ನಡೆಯುತ್ತಿದ್ದ ಅನುವಾದಗಳಿಗೆ ಈ ಸಾಲು ಹೋಗುವುದಿಲ್ಲವಷ್ಟೆ. ಅವುಗಳಲ್ಲಿ ಇನ್ನೂ ಮುದ್ರಣಕ್ಕೆ ಹೋಗದವನ್ನು ಸಂಪಾದಕರು ಒಂದೊಂದಾಗಿ ತೆರೆದು, ಸಾಲನ್ನು ಕೈಯಿಂದಲೇ ಸೇರಿಸಿ, ಗಡುವಿನ ಜಾಗದಲ್ಲಿ ಆ ದಿನದ ತಾರೀಖನ್ನೇ ಹಾಕಿ, ಅನುವಾದಕರಿಗೆ ಫೋನ್ ಮಾಡಲು ಶುರುಮಾಡಿದರು.