ಇದಕ್ಕೆ ಬಿಸಿಲು ಎಲ್ಲಿಂದ ಬರುತ್ತೆ?

"ಇಲ್ಲಿ ಮರ ನೆಟ್ಟುಬಿಟ್ರೆ ಇದಕ್ಕೆ ಬಿಸಿಲು ಎಲ್ಲಿಂದ ಬರುತ್ತೆ ತಾತ?"

ಭಾನುವಾರ ಬೆಂಗಳೂರಿನ ಹತ್ತಿರದ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಎರಡನೇ ಕ್ಲಾಸಿನ ನನ್ನ ಮಗಳು, ಅಲ್ಲಿ ಸಸಿ ನೆಡಿಸಬೇಕೆಂದ ಹಿರಿಯರೊಬ್ಬರನ್ನು ಕೇಳಿದ್ದು. ಅವರು ನಕ್ಕು, ತಲೆ ಸವರಿ ಮುಂದೆ ಹೋದರು. ನನಗೆ ವಾರವಿಡೀ ಅದೇ ಗುಂಗು.

ನಾವು ಹೋಗಿದ್ದೇ ಹುಲ್ಲು ನೋಡಲಿಕ್ಕೆ. ದೀಪಾವಳಿ ಕಳೆದ ಮೇಲೆ ಅಲ್ಲಿ ತೆನೆಗಳು ಬಲಿತಿರುತ್ತವೆ. ಗರಿಕೆ ಅವಳಿಗೆ ಗಣಪತಿ ಹಬ್ಬದಿಂದಲೇ ಗೊತ್ತು. ಜೇಕಿನ ದಂಟನ್ನು ಬೆರಳಲ್ಲಿ ಹೊರಳಿಸು ಅಂದೆ. ಮೂರು ಮೂಲೆ ಸಿಕ್ಕಿತು. ಹುಲ್ಲಿನ ಹಾಗೆ ಕಂಡರೂ ಅದು ಬೇರೆ ಕುಟುಂಬದ್ದು. ಹಾದಿಬದಿಯ ಕಾಡುರಾಗಿಯ ತೆನೆ ಕಂಡು "ಅಜ್ಜಿ ಮನೆ ರಾಗಿ!" ಎಂದು ಕೂಗಿದಳು. ನೆಂಟಸ್ತನ ಸರಿಯಾಗೇ ಹಿಡಿದಿದ್ದಳು. ರಾಗಿ, ಭತ್ತ, ಜೋಳ, ಕಬ್ಬು, ಕೊನೆಗೆ ಬಿದಿರು ಕೂಡ ಹುಲ್ಲಿನ ಮನೆತನವೇ.

ಅವಳನ್ನು ಕಟ್ಟಿಹಾಕಿದ್ದು ಮಾತ್ರ ಊಬಿನ ಹುಲ್ಲು. ಕಾಲುಚೀಲದ ತುಂಬ ಚುಚ್ಚಿಕೊಂಡಿತ್ತು. ಒಂದು ಬೀಜ ಕಿತ್ತು ಅಂಗೈ ಮೇಲಿಟ್ಟು, ಬಾಟಲಿಯಿಂದ ಒಂದು ಹನಿ ನೀರು ಬಿಟ್ಟೆ. ಹುರಿಗೊಂಡಿದ್ದ, ಬೀಜದ ಬಾಲದಂಥ ಕಂದು ಊಬು ನಿಧಾನಕ್ಕೆ ಬಿಚ್ಚಿಕೊಳ್ಳುತ್ತ ತಿರುಗತೊಡಗಿತು. ಅವಳು ಉಸಿರು ಬಿಗಿಹಿಡಿದು ನೋಡಿದಳು. "ಅಮ್ಮಾ, ಜೀವ ಇದೆ!" ತೇವಕ್ಕೆ ಬಿಚ್ಚಿಕೊಂಡು, ಒಣಗಿದಾಗ ಮತ್ತೆ ಹುರಿಗೊಂಡು ಆ ಊಬು ಚೂಪು ಬೀಜವನ್ನು ಮಣ್ಣೊಳಗೆ ಕೊರೆಯುತ್ತ ಇಳಿಸುತ್ತದೆ. ಬೀಜದ ತುದಿಯ ಬಿರುಸು ರೋಮಗಳು ಹಿಂದಕ್ಕೆ ಬಾಗಿರುವುದರಿಂದ ಒಮ್ಮೆ ಇಳಿದದ್ದು ಮೇಲೆ ಬರುವುದಿಲ್ಲ. ಆಮೇಲೆ ಇನ್ನೊಂದು, ಮತ್ತೊಂದು. ಬಾಟಲಿ ಖಾಲಿಯಾಯಿತು.

ಇನ್ನಷ್ಟು ಬೇಕೆಂದು ನೀಲಗಿರಿ ತೋಪಿನ ಅಂಚಿಗೆ ಓಡಿದವಳು ಬರಿಗೈಯಲ್ಲಿ ಬಂದಳು. "ನೆರಳಲ್ಲಿ ಒಂದೂ ಇಲ್ಲ."

ಆಗಲೇ ಆ ಹಿರಿಯರು ಬಂದದ್ದು. "ನೋಡಿ, ಎಷ್ಟು ಜಾಗ ಸುಮ್ಮನೆ ಹಾಳುಬಿದ್ದಿದೆ. ಒಂದು ಮರ ಇಲ್ಲ. ನಮ್ಮ ಬಳಗದಿಂದ ಸಸಿ ನೆಡಿಸಬೇಕು ಅಂತಿದ್ದೀವಿ." ಅದಕ್ಕೇ ಅವಳ ಪ್ರಶ್ನೆ.

ಅವರ ಮೇಲೆ ಸಿಟ್ಟು ಬರಲಿಲ್ಲ. ನಮ್ಮ ಬೀದಿಗಳಿಗೆ ನೆರಳು ಕೊಟ್ಟಿದ್ದು ಇಂಥ ಜನವೇ. ಆದರೆ ಮರವಿಲ್ಲದ್ದೆಲ್ಲ ಬಂಜರು ಎಂಬ ಅವರ ನಂಬಿಕೆ ನನ್ನನ್ನು ಹೆದರಿಸುತ್ತದೆ. ಹುಲ್ಲುಗಾವಲು ಕಾಡಾಗಲು ಸೋತ ನೆಲವಲ್ಲ. ಚಳಿಗಾಲಕ್ಕೆ ದೂರದೇಶದಿಂದ ಬರುವ ಹ್ಯಾರಿಯರ್ ಗಿಡುಗಗಳು ರಾತ್ರಿ ಮಲಗುವುದು ಕೊಂಬೆಯ ಮೇಲಲ್ಲ, ಹುಲ್ಲಿನ ನಡುವೆ ನೆಲದ ಮೇಲೆ. 19ನೇ ಶತಮಾನದ ಕೊನೆಯಲ್ಲಿ ಬೆಂಗಳೂರಿಗೆ ಕೊಳವೆ ನೀರು ಕೊಟ್ಟ ಅರ್ಕಾವತಿ ನದಿಯ ಹೆಸರಘಟ್ಟ ಕೆರೆಗೆ ಮಳೆನೀರು ಹರಿದುಬರುವುದೂ ಈ ಬಯಲಿನ ಮೇಲಿಂದಲೇ. ಹುಲ್ಲು ಬುಡದಿಂದ ಬೆಳೆಯುತ್ತದೆ. ದನ ಮೇಯ್ದರೂ, ಬೆಂಕಿ ತಗಲಿದರೂ ಮತ್ತೆ ಚಿಗುರುತ್ತದೆ. ಬಿಸಿಲು ಕಸಿದರೆ ಮಾತ್ರ ಊಬಿನ ಹುಲ್ಲಿನಂಥವು ಉಳಿಯುವುದಿಲ್ಲ. ಇಲ್ಲೇ ಚಿತ್ರನಗರಿ ಕಟ್ಟುವ ಮಾತು ಬಂದಾಗ ಜನ ವಿರೋಧಿಸಿ ಎದ್ದು ನಿಂತರು, ಯಾಕೆಂದರೆ ಕಟ್ಟಡ ಕಣ್ಣಿಗೆ ಕಾಣುತ್ತದೆ. ಸಸಿ ಹಿಡಿದು ಬರುವವರನ್ನು ಯಾರು ತಡೆಯುತ್ತಾರೆ?

ಏಳು ವರ್ಷದ ಹುಡುಗಿಗೆ ಇದನ್ನು ಯಾರೂ ಪಾಠ ಮಾಡಲಿಲ್ಲ. ನೆರಳಿಗೆ ಹೋಗಿ ನೋಡಿಬಂದಳು, ಅಷ್ಟೇ. ನಮ್ಮ ಶಾಲೆಗಳ ಪರಿಸರ ಪಾಠದಲ್ಲಿ ಮಕ್ಕಳು ಮಂಡಿಯೂರಿ ನೆಲ ನೋಡುವ ಒಂದು ಪೀರಿಯಡ್ಡೂ ಇಲ್ಲವಲ್ಲ ಎಂಬುದೇ ನನ್ನ ಸಂಕಟ. ಜೂನಿನಲ್ಲಿ ಅವಳ ಶಾಲೆಯವರು ಮಕ್ಕಳಿಂದ ಗಿಡ ನೆಡಿಸುತ್ತಾರೆ. ಯಾವ ಜಾಗದಲ್ಲಿ, ಅಲ್ಲಿ ಈಗ ಏನು ಬೆಳೆದಿದೆ ಎಂದು ಈ ಸಲ ಮೊದಲೇ ಹೋಗಿ ಕೇಳುತ್ತೇನೆ.