ಲೋಗೋ ಹಾಕಿಸುವ ಮುನ್ನ ಬಟ್ಟೆ ಮುಟ್ಟಿ ನೋಡಿ

ಯೂನಿಫಾರ್ಮ್ ಆರ್ಡರ್ ಕೊಡಲು ಬಂದವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಸಾರ್, ಎಂಬ್ರಾಯ್ಡರಿನೋ ಪ್ರಿಂಟೋ, ಯಾವುದು ಬಾಳಿಕೆ ಬರುತ್ತೆ?" ಬಟ್ಟೆ ಯಾವುದು, ಅದನ್ನು ಒಗೆಯುವವರು ಯಾರು, ಲೋಗೋದಲ್ಲಿರುವ ಅತಿ ಸಣ್ಣ ಅಕ್ಷರ ಎಷ್ಟು ಎತ್ತರ ಎಂಬುದು ಗೊತ್ತಾಗದೆ ಇದಕ್ಕೆ ಉತ್ತರ ಹೇಳುವಂತಿಲ್ಲ. ಮೈಸೂರಿನ ಹೋಟೆಲ್ ಅಡುಗೆಮನೆಯ ಕೋಟು ಬ್ಲೀಚು, ಬಿಸಿನೀರು ಕಾಣುತ್ತದೆ. ಮಂಡ್ಯದ ಹಳ್ಳಿಯ ಶಾಲಾ ಅಂಗಿ ಒಗೆಯುವ ಕಲ್ಲಿನ ಮೇಲೆ ಬ್ರಷ್ ತಿನ್ನುತ್ತದೆ. ದಸರಾ ಸ್ವಯಂಸೇವಕರ ಟೀ ಶರ್ಟ್ ಹತ್ತು ದಿನ ಚೆನ್ನಾಗಿ ಕಂಡರೆ ಸಾಕು. ಮೂರಕ್ಕೂ ಒಂದೇ ವಿಧಾನ ಹೊಂದುವುದಿಲ್ಲ.

ದಿನವೂ ತೊಡುವ ಕಾಟನ್, ಟೆರಿಕಾಟ್ ಅಂಗಿಗೆ, ಕಾಲರ್ ಟೀ ಶರ್ಟಿಗೆ ಎಂಬ್ರಾಯ್ಡರಿಯೇ ಸರಿ. ಎದೆಯ ಎಡಭಾಗದ 8 ಸೆಂ.ಮೀ. ಅಗಲದ ಲೋಗೋಗೆ ಸಾಧಾರಣವಾಗಿ 5,000ದಿಂದ 8,000 ಹೊಲಿಗೆ ಬೀಳುತ್ತದೆ. ನಿಮಿಷಕ್ಕೆ 700 ಹೊಲಿಗೆಯ ವೇಗದಲ್ಲಿ 6,000 ಹೊಲಿಗೆಗೆ ಎಂಟೂವರೆ ನಿಮಿಷ. ದಾರ ಕತ್ತರಿಸುವುದು, ಬಣ್ಣ ಬದಲಿಸುವುದು, ಫ್ರೇಮ್ ಕಟ್ಟುವುದು ಸೇರಿದರೆ ಒಮ್ಮೆಗೆ ಆರು ಅಂಗಿ ಹೊಲಿಯುವ ಆರು ಹೆಡ್ಡಿನ ಮಷೀನಿನಲ್ಲಿ ಗಂಟೆಗೆ 25–30 ಅಂಗಿ. 300 ಅಂಗಿಯನ್ನು "ನಾಳೆ ಬೆಳಿಗ್ಗೆ ಕೊಡಿ" ಎನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಎಂಬ್ರಾಯ್ಡರಿ ಕೆಡುವುದು ಹೆಚ್ಚಾಗಿ ಮಷೀನಿನಿಂದಲ್ಲ, ವಿನ್ಯಾಸವನ್ನು ಹೊಲಿಗೆ ಫೈಲಾಗಿ ಬದಲಿಸುವ ಪಂಚಿಂಗ್‌ನಿಂದ. ಅದರಲ್ಲೂ ಕನ್ನಡ ಅಕ್ಷರದ ಪಂಚಿಂಗ್‌ನಿಂದ. ಇಂಗ್ಲಿಷಿನ ದೊಡ್ಡಕ್ಷರ 5 ಮಿ.ಮೀ. ಎತ್ತರದಲ್ಲೂ ಓದಲು ಬರುತ್ತದೆ. ಕನ್ನಡದ ಅಕ್ಷರಕ್ಕೆ ಹೊಟ್ಟೆಯಿದೆ, ಒತ್ತು ಇದೆ, ಸೊನ್ನೆ ಇದೆ. "ಮಂಡ್ಯ" ಎಂದು 5 ಮಿ.ಮೀ.ನಲ್ಲಿ ಹೊಲಿದರೆ ಸೊನ್ನೆ ಮುಚ್ಚಿ ಗಂಟಾಗುತ್ತದೆ, ಯ ಒತ್ತು ಬಾಲದಂತೆ ಉಳಿಯುತ್ತದೆ. "ವಿದ್ಯಾರ್ಥಿ" ಇನ್ನೂ ಅಪಾಯ: ಥ ಒಳಗಿನ ಚುಕ್ಕಿ ದಾರದಲ್ಲಿ ಮುಳುಗಿದರೆ ಎದೆಯ ಮೇಲೆ "ವಿದ್ಯಾರ್ಧಿ" ಕೂರುತ್ತದೆ. ನಾವು ಪಾಲಿಸುವ ಅಳತೆ ಇದು: ಮೂಲ ಅಕ್ಷರ ಕನಿಷ್ಠ 7 ಮಿ.ಮೀ., ಒತ್ತು ಸೇರಿ 10–11 ಮಿ.ಮೀ. ಅಷ್ಟು ಜಾಗ ಇಲ್ಲದಿದ್ದರೆ ಮಾಮೂಲಿ 40 ನಂಬರಿನ ದಾರ ಬಿಟ್ಟು 60 ನಂಬರಿನ ತೆಳು ದಾರ, 65ರ ಸೂಜಿ. ಅದಕ್ಕೂ ಒಗ್ಗದ ವೃತ್ತಾಕಾರದ ಸಣ್ಣ ಬರಹವನ್ನು ತೆಗೆದು ಲಾಂಛನ ಮಾತ್ರ ಹೊಲಿಸುವುದೇ ಒಳ್ಳೆಯದು. ಶಾಲೆಯ ಸಮಿತಿಯವರು ಒಪ್ಪುವುದು ಕಷ್ಟ, ಆದರೆ ಓದಲಾಗದ ಹೆಸರು ಇದ್ದೂ ಇಲ್ಲದಂತೆ.

ಫೈಲ್ ಕಳಿಸುವಾಗ ಅಕ್ಷರಗಳನ್ನು ಫಾಂಟಿನ ಹಂಗಿಲ್ಲದ ಗೆರೆಗಳ ಆಕಾರಕ್ಕೆ, ಅಂದರೆ ಕರ್ವ್‌ಗೆ ಬದಲಿಸಿಯೇ ಕಳಿಸಿ. ನುಡಿ ಫಾಂಟಿನಲ್ಲಿ ಬರೆದ ಹೆಸರು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೆರೆದುಕೊಳ್ಳುತ್ತದೆ. ಕನ್ನಡ ಓದಲು ಬಾರದ ಆಪರೇಟರ್ ಅದನ್ನೇ ಹೊಲಿದುಬಿಡಬಹುದು.

ಇನ್ನೊಂದು ತಪ್ಪು, ದೊಡ್ಡವರ ಫೈಲನ್ನೇ ಮಷೀನಿನಲ್ಲಿ ಕುಗ್ಗಿಸಿ ಒಂದನೇ ತರಗತಿಯ ಅಂಗಿಗೆ ಹಾಕುವುದು. ಅಳತೆ ಕುಗ್ಗುತ್ತದೆ, ಹೊಲಿಗೆಗಳ ಸಂಖ್ಯೆ ಹಾಗೇ ಇರುತ್ತದೆ. ದಾರ ಒತ್ತೊತ್ತಾಗಿ ಬಿದ್ದು ಲೋಗೋ ಹಲಗೆಯಂತೆ ಗಡುಸಾಗುತ್ತದೆ, ಸೂಜಿ ಮುರಿಯುತ್ತದೆ. ಶೇ. 10ಕ್ಕಿಂತ ಹೆಚ್ಚು ಕುಗ್ಗಿಸಬೇಕಾದರೆ ಬೇರೆ ಪಂಚಿಂಗ್ ಮಾಡಿಸಿ.

ಟೀ ಶರ್ಟ್ ಬಟ್ಟೆ ಹಿಗ್ಗುವಂಥದ್ದು. ಫ್ರೇಮಿಗೆ ಎಳೆದು ಕಟ್ಟಿದರೆ ಬಿಚ್ಚಿದ ಕೂಡಲೇ ಲೋಗೋ ಸುತ್ತ ಸುಕ್ಕು ಬರುತ್ತದೆ. ಸುಮ್ಮನೆ ಸಮನಾಗಿ ಕೂರಿಸಿ, ಹಿಂದೆ ಆಧಾರಕ್ಕೆ ಕೈಯಲ್ಲಿ ಹರಿದು ತೆಗೆಯುವ ಪೇಪರ್ ಬದಲು ಕತ್ತರಿಯಿಂದ ಕತ್ತರಿಸುವ ಬ್ಯಾಕಿಂಗ್ ಕೊಡಿ, ತುದಿ ದುಂಡಗಿರುವ ಬಾಲ್ ಪಾಯಿಂಟ್ ಸೂಜಿ ಹಾಕಿ. ಜೇಬಿರುವ ಅಂಗಿಯಾದರೆ ಹೊಲಿಯುವ ಮುಂಚೆ ಕಟ್ ಪೀಸ್ ಮೇಲೆಯೇ ಕೆಲಸ ಮುಗಿಸಿ. ಹೊಲಿದ ಜೇಬಿನ ಮೇಲೆ ಸೂಜಿ ಓಡಿದರೆ ಜೇಬು ಮುಚ್ಚಿಹೋಗುತ್ತದೆ. ಹೋಟೆಲ್, ಆಸ್ಪತ್ರೆ ಬಟ್ಟೆಗೆ ಪಾಲಿಯೆಸ್ಟರ್ ದಾರ ಬೇಕೇ ಬೇಕು. ರೇಯಾನ್ ಹೊಳಪು ಚೆಂದ, ಬ್ಲೀಚಿಗೆ ನಿಲ್ಲುವುದಿಲ್ಲ. ಮಳೆ ಕೋಟಿಗೆ ಮಾತ್ರ ನೇರ ಎಂಬ್ರಾಯ್ಡರಿ ಬೇಡ, ಪ್ರತಿ ಸೂಜಿ ತೂತೂ ನೀರಿಗೆ ಬಾಗಿಲು.

ಸಂಖ್ಯೆ ಹೆಚ್ಚು, ಬಣ್ಣ ಒಂದೋ ಎರಡೋ ಆದರೆ ಸ್ಕ್ರೀನ್ ಪ್ರಿಂಟ್. ಜೂನ್ 21ರ ಯೋಗ ದಿನದ 500 ಕಾಟನ್ ಟೀ ಶರ್ಟಿಗೆ ಇದಕ್ಕಿಂತ ಅಗ್ಗದ ದಾರಿ ಕಾಣೆ. ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಆದ್ದರಿಂದ ನಾಲ್ಕು ಬಣ್ಣದ 25 ಪೀಸಿಗೆ ಇದು ದಂಡ. ಇದರಲ್ಲಿ ಬಳಸುವ, ಶಾಖದಲ್ಲಿ ಬೇಯಿಸಿ ಗಟ್ಟಿ ಮಾಡುವ ಪ್ಲಾಸ್ಟಿಸಾಲ್ ಇಂಕ್ ಒಳಗಿನವರೆಗೂ ಸುಮಾರು 160 ಡಿಗ್ರಿ ಮುಟ್ಟಬೇಕು. ಮುಟ್ಟಿದಾಗ ಒಣಗಿದಂತಿದ್ದರೆ ಸಾಲದು. ತಣ್ಣಗಾದ ಮೇಲೆ ಎಳೆದು ನೋಡಿ, ಬಿರುಕು ಬಿಟ್ಟರೆ ಬೆಂದಿಲ್ಲ.

ಕೆಂಪು, ಮೆರೂನ್ ಪಾಲಿಯೆಸ್ಟರ್ ಜೆರ್ಸಿಯಲ್ಲಿ ಇದೇ ಶಾಖ ವೈರಿ. ಬಟ್ಟೆಯ ಬಣ್ಣ ಆವಿಯಾಗಿ ಮೇಲಿನ ಬಿಳಿ ಇಂಕಿಗೆ ಏರುತ್ತದೆ. ಪ್ಯಾಕ್ ಮಾಡುವಾಗ ಹಾಲಿನಂತಿದ್ದ ಬಿಳಿ ಎರಡು ದಿನದಲ್ಲಿ ಗುಲಾಬಿಯಾಗಬಹುದು. 130–140 ಡಿಗ್ರಿಯಲ್ಲಿ ಬೇಯುವ ಲೋ ಬ್ಲೀಡ್ ಇಂಕ್ ಬಳಸಿ, ಅದರ ಕೆಳಗೆ ಬಟ್ಟೆಯ ಬಣ್ಣ ಏರದಂತೆ ತಡೆಯುವ ಬೂದು ಬಣ್ಣದ ಬ್ಲಾಕರ್ ಪದರ ಕೊಡಿ. ಬಿಳಿ ಅಥವಾ ತಿಳಿ ಬಣ್ಣದ ಪಾಲಿಯೆಸ್ಟರ್ ಆದರೆ ಶಾಖದಿಂದ ಬಣ್ಣವನ್ನು ಎಳೆಯೊಳಗೇ ಇಳಿಸುವ ಸಬ್ಲಿಮೇಷನ್ ಮಾಡಿಸಿ: 190–200 ಡಿಗ್ರಿ, 45ರಿಂದ 60 ಸೆಕೆಂಡು. ಕೈಗೆ ಪದರವೇ ಸಿಗದು. ಕಾಟನ್ನಿಗೆ ಇದು ಹಿಡಿಯುವುದಿಲ್ಲ.

ಡಿಟಿಎಫ್, ಅಂದರೆ ಫಿಲ್ಮಿನ ಮೇಲೆ ಪ್ರಿಂಟ್ ಮಾಡಿ ಬಿಸಿ ಒತ್ತಿ ಬಟ್ಟೆಗೆ ಅಂಟಿಸುವುದು, ಈಗ ಎಲ್ಲೆಡೆ ಬಂದಿದೆ. ಹತ್ತು ಪೀಸು, ಹತ್ತು ಬಣ್ಣ, ಸಂಜೆಯೊಳಗೆ ಬೇಕೆಂದರೆ ಅದೇ ಗತಿ. 150–160 ಡಿಗ್ರಿಯಲ್ಲಿ 10–15 ಸೆಕೆಂಡು ಒತ್ತಿ. ಕೋಲ್ಡ್ ಪೀಲ್ ಫಿಲ್ಮ್ ಆದರೆ ಪೂರ್ತಿ ಆರಿದ ಮೇಲೆಯೇ ಎಳೆದು, ಇನ್ನೊಮ್ಮೆ ಒತ್ತಿ. ಈ ಎರಡನೇ ಒತ್ತನ್ನು ಬಿಟ್ಟರೆ ಅಂಚು ಏಳುತ್ತದೆ. ಬೆನ್ನ ತುಂಬ ಗಟ್ಟಿ ಚೌಕ ಬೇಡ, ಗಾಳಿಯಾಡದೆ ಬೆವರು ನಿಲ್ಲುತ್ತದೆ. ಒಗೆಯುವ ಕಲ್ಲಿಗೆ, ನೇರ ಇಸ್ತ್ರಿಗೆ ಇದು ಹೆಚ್ಚು ದಿನ ತಡೆಯದು. ಅದಕ್ಕೇ ಶಾಲಾ ಅಂಗಿಗೆ ನಾವು ಹೇಳುವುದಿಲ್ಲ.

ಯಾವುದೇ ಆಗಲಿ, ಆರ್ಡರಿನ ಅದೇ ಬಟ್ಟೆಯ ಮೇಲೆ ಒಂದು ಸ್ಯಾಂಪಲ್ ಮಾಡಿಸಿ, ಬಟ್ಟೆಯನ್ನು ನಿಜವಾಗಿ ಒಗೆಯುವ ರೀತಿಯಲ್ಲೇ ಐದು ಸಲ ಒಗೆಸಿ ನೋಡಿ. ಎಂಬ್ರಾಯ್ಡರಿಯಾದರೆ ಪಂಚಿಂಗ್ ಮಾಡಿದ ಡಿಎಸ್‌ಟಿ ಫೈಲ್ ಕೇಳಿ ಇಟ್ಟುಕೊಳ್ಳಿ. ಅದರಲ್ಲಿ ದಾರದ ಬಣ್ಣ ದಾಖಲಾಗುವುದಿಲ್ಲ. ಶೇಡ್ ಕಾರ್ಡಿನ ನಂಬರುಗಳನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ, ಮುಂದಿನ ಜೂನ್‌ನಲ್ಲಿ ಹೊಸ ಮಕ್ಕಳ ಅಂಗಿಗೆ ಅದೇ ಹಸಿರು ಬೇಕಾಗುತ್ತದೆ.